ಮುಚ್ಚಿಹೋಗುವ ಕೆಲಸ: ಡೆಲ್ಫ್ಟ್‌ನಲ್ಲಿ ಒಂದು ಬಾಣಂತನ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

ಈ ತಿಂಗಳ ಗೋಷ್ಠಿಗೆ ಪೂಜ್ಯರು ನನಗೆ ಕೊಟ್ಟ ವಿಷಯ ‘ಕುಟುಂಬದಲ್ಲಿ ಕೃತಜ್ಞತೆ’. ನಾನು ವಚನಗಳ ಪಂಡಿತನಲ್ಲ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ, ಕಾಲುವೆಗಳ ಮೇಲೆ ತಿರುಗಿ, ನಿವೃತ್ತನಾದವನು. ‘ನಿಮ್ಮ ಅನುಭವದ ಮಾತು ಹೇಳ್ರಿ ಸಾಕು’ ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದರಿಂದ ಧೈರ್ಯ ಮಾಡಿ ನಿಂತಿದ್ದೇನೆ. 2023ರಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ನೆದರ್‌ಲ್ಯಾಂಡ್ಸ್ ದೇಶದ ಡೆಲ್ಫ್ಟ್ ಊರಿನಲ್ಲಿ ಮೂರು ತಿಂಗಳು ಇದ್ದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಇದು ಪ್ರವಾಸ ಕಥನವಲ್ಲ. ಟುಲಿಪ್ ಹೂವಿನ ತೋಟ, ಗಾಳಿಗಿರಣಿ ಇವುಗಳ ಬಗ್ಗೆ ಕೇಳಬೇಕೆಂದಿದ್ದರೆ ಪ್ರಸಾದದ ಹೊತ್ತಿನಲ್ಲಿ ಕೇಳಿರಿ, ಫೋಟೋ ತೋರಿಸುತ್ತೇನೆ.

ಮೊದಲು ಮಾತಿನ ವಿಚಾರ. ಮನೆಯೊಳಗೆ ‘ಥ್ಯಾಂಕ್ಸ್’ ಹೇಳಲಿಕ್ಕೆ ನಮ್ಮಲ್ಲಿ ಬಳಕೆಯ ಮಾತಿಲ್ಲ. ‘ಧನ್ಯವಾದ’ ವೇದಿಕೆಯ ಮಾತು, ವಂದನಾರ್ಪಣೆ ಮಾಡುವವರದು. ತಾಯಿ ಬಿಸಿ ರೊಟ್ಟಿ ತಂದು ಗಂಗಾಳಕ್ಕೆ ಹಾಕಿದಾಗ ಮಗ ‘ಧನ್ಯವಾದಗಳು’ ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ಹಾಗಂತ ನಮ್ಮಲ್ಲಿ ಆ ಭಾವವೇ ಇಲ್ಲ ಅನ್ನಲಾಗದು. ನೀರು ಕೊಟ್ಟವರಿಗೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಅಂದವರು ನಮ್ಮ ಹಿರಿಯರು. ಆದರೆ ಆ ಮಾತು ಹೊರಗಿನವರಿಗೆ. ಒಳಗಿನವರ ವಿಷಯದಲ್ಲಿ ‘ಅವರಿಗೆ ಗೊತ್ತಿರುತ್ತದೆ’ ಎಂಬ ನಂಬಿಕೆಯ ಮೇಲೆಯೇ ನಮ್ಮ ಸಂಸಾರ ನಡೆದುಕೊಂಡು ಬಂದಿದೆ. ಗೊತ್ತಿರುತ್ತದೆಯೇ? ಏನು ಗೊತ್ತಿರುತ್ತದೆ? ನನಗೆ ವಿಷಯ ಅಲ್ಲಿಂದ ಶುರುವಾಗುತ್ತದೆ.

ಮಗಳು ಡೆಲ್ಫ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಆ ದೇಶದಲ್ಲಿ ಹೀಗೆ ಸಂಶೋಧನೆ ಮಾಡುವವರಲ್ಲಿ ಬಹಳ ಮಂದಿ ವಿಶ್ವವಿದ್ಯಾಲಯದ ನೌಕರರೇ. ಅವರಿಗೆ ಸಂಬಳವಿದೆ, ನೌಕರರ ರಜೆಯೂ ಇದೆ. ಅಳಿಯಂದಿರು ಹತ್ತಿರದ ಹೇಗ್ ಪಟ್ಟಣದಲ್ಲಿ ನೌಕರಿಗೆ ಹೋಗುತ್ತಾರೆ. ಮೊದಲೆಲ್ಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ವಿಮಾನ ಹತ್ತಿ ಹೋಗುತ್ತದೆ. ಇಲ್ಲಿ ಕುಳಿತವರಲ್ಲಿ ಅಮೆರಿಕೆಗೋ ಜರ್ಮನಿಗೋ ಹಾಗೆ ಹೋಗಿಬಂದ ತಾಯಂದಿರು ಕಡಿಮೆ ಅಂದರೂ ಹತ್ತು ಜನ ಇದ್ದೀರಿ. ಅಂಟು, ಅಳವಿ, ಒಣ ಕೊಬ್ಬರಿ, ಬಜೆ, ಉತ್ತತ್ತಿ ಎಲ್ಲ ಕಟ್ಟಿಕೊಂಡು ಜನವರಿ ಕೊನೆಯ ವಾರ ಹೊರಟೆವು. ಆ ದೇಶಗಳ ವೀಸಾ ಕಾನೂನು ಗೊತ್ತಲ್ಲ, 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ನಮ್ಮ ಮನೆಯವರು ಐದು ತಿಂಗಳ ಬಾಣಂತನ ಮಾಡುವ ಪರಂಪರೆಯವರು. ‘ಸರ್ಕಾರ ಬಾಣಂತನಕ್ಕೂ ಟೆಂಡರ್ ಅವಧಿ ಹಾಕ್ಯದ ನೋಡ್ರಿ’ ಅಂದರು.

ಹೆರಿಗೆಗೆ ಎರಡು ವಾರ ಇರುವಾಗ ಅಳಿಯಂದಿರು ಮಂಚದ ನಾಲ್ಕು ಕಾಲಿಗೂ ಕೊಡುವ ಎತ್ತರದ ದಿಮ್ಮಿಗಳನ್ನು ತಂದರು. ಆ ದೇಶದಲ್ಲಿ ಅವು ಬಾಡಿಗೆಗೆ ಸಿಗುತ್ತವೆ. ಬಾಣಂತಿ ಮಲಗುವ ಮಂಚ ನೆಲದಿಂದ 80 ಸೆಂಟಿಮೀಟರ್ ಎತ್ತರ ಇರಲೇಬೇಕಂತೆ. ಬಾಣಂತಿಗೆ ಹತ್ತಿ ಇಳಿಯುವುದಕ್ಕೆ ಅದು ತ್ರಾಸೇ. ಹಾಗಾದರೆ ಯಾಕೆ ಎಂದು ಕೇಳಿದೆ. ಬಾಣಂತಿಯನ್ನು ನೋಡಿಕೊಳ್ಳಲಿಕ್ಕೆ ಮನೆಗೆ ಬರುವ ದಾದಿಯ ಬೆನ್ನಿಗೋಸ್ಕರ! ಆಕೆ ಒಂದು ಮನೆಯಲ್ಲಿ ಬಗ್ಗುವುದಿಲ್ಲ, ವರ್ಷವಿಡೀ ಹತ್ತಾರು ಮನೆಗಳಲ್ಲಿ ಬಗ್ಗಬೇಕು. ಮಂಚ ಕೆಳಗಿದ್ದರೆ ಆಕೆಯ ಸೊಂಟ ಹೋಗುತ್ತದೆ. ಅದಕ್ಕೇ ಈ ನಿಯಮ. ನಾನು ಟೇಪು ಹಿಡಿದು ನಾಲ್ಕು ಮೂಲೆಯನ್ನೂ ಅಳೆದೆ. ಒಂದು ಮೂಲೆ ಅರ್ಧ ಸೆಂಟಿಮೀಟರ್ ಕಡಿಮೆ ಬಂತು, ರಟ್ಟು ಕೊಟ್ಟು ಸರಿಮಾಡಿದೆವು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಬೆಳಿಗ್ಗೆ ಹೆರಿಗೆಯಾದರೆ ಸಂಜೆ ಮನೆಗೆ ಕಳಿಸಿದರು. ತೊಂದರೆ ಇಲ್ಲದ ಹೆರಿಗೆಯಾದರೆ ಅಲ್ಲಿ ಹಾಗೆಯೇ. ನಮ್ಮ ಮನೆಯವರಿಗೆ ಅದು ಒಪ್ಪಿಗೆಯಾಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಮಾರನೆಯ ದಿನ ಬೆಳಿಗ್ಗೆ ಆ ದಾದಿ ಬಂದರು. ಈ ಏರ್ಪಾಡಿಗೆ ಅಲ್ಲಿ ‘ಕ್ರಾಮ್‌ಝೋರ್ಗ್’ ಅನ್ನುತ್ತಾರೆ, ಅಂದರೆ ಬಾಣಂತನದ ಆರೈಕೆ. ಸುಮಾರು ಎಂಟು ದಿನ, ಒಟ್ಟು 49 ಗಂಟೆಯಷ್ಟು ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಳ್ಳುತ್ತಾರೆ. ಖರ್ಚಿನ ಬಹುಪಾಲು ಆರೋಗ್ಯ ವಿಮೆಯಲ್ಲಿ ಹೋಗುತ್ತದೆ, ಗಂಟೆಗೆ ಇಷ್ಟೆಂದು ಮನೆಯವರೂ ಸ್ವಲ್ಪ ಕೊಡಬೇಕು. ಮಗುವಿನ ಸ್ನಾನ, ಹಾಲೂಡಿಸುವುದು, ಹೊಲಿಗೆ ನೋಡುವುದು, ಬಾಣಂತಿಯ ಬಚ್ಚಲು ತೊಳೆಯುವುದು, ಎಲ್ಲ ಆಕೆಯೇ. ಮೊದಲನೆಯ ದಿನ ಮಗುವಿಗೆ ತಾವು ಸ್ನಾನ ಮಾಡಿಸಿ ತೋರಿಸಿದರು. ಎರಡನೆಯ ದಿನ ಅಳಿಯಂದಿರ ಕೈಗೇ ಕೊಟ್ಟುಬಿಟ್ಟರು. ಅವರ ಕೈ ನಡುಗುತ್ತಿತ್ತು. ನಮ್ಮ ಮನೆಯವರು ಎದ್ದು ಹೋಗಲು ನೋಡಿದರೆ ದಾದಿ ಕಣ್ಣಲ್ಲೇ ಕುಳ್ಳಿರಿಸಿದರು.

ಇಲ್ಲಿ ಒಂದು ಮಾತು. ಜನನ ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ ಎಂದು ನಾವು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಮನೆಗೆ ಹೋದರೆ ಬಾಣಂತಿಯ ಕೋಣೆ ಬೇರೆ, ತಾಟು ಬೇರೆ, ಇಷ್ಟು ದಿನ ದೇವರ ಮನೆಗೆ ಬರುವ ಹಾಗಿಲ್ಲ. ಬಚ್ಚಲು ತೊಳೆದ ಕೈಯನ್ನು ಸೋಪಿನಿಂದ ತೊಳೆದುಕೊಂಡು ಬಂದು ನಮ್ಮ ಜೊತೆ ಕುಳಿತು ಚಹಾ ಕುಡಿದ ಆ ದಾದಿಗೆ ಈ ವಿಚಾರ ತಿಳಿಸಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಆ ದಾದಿ ಒಂದು ಪುಸ್ತಕ ಇಟ್ಟಿದ್ದರು. ತಾಯಿಯ ಜ್ವರ ಎಷ್ಟು, ಮಗುವಿನದು ಎಷ್ಟು, ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು, ತೂಕ ಎಷ್ಟು ಎಂದು ಎಲ್ಲವನ್ನೂ ಆಗಿಂದಾಗ ಬರೆಯುವುದು. ತಾವು ಇಲ್ಲದ ಹೊತ್ತಿನಲ್ಲಿ ಮನೆಯವರೇ ಬರೆಯಬೇಕು. ನನಗೆ ಅದನ್ನು ನೋಡಿ ನಮ್ಮ ಎಂ.ಬಿ. ನೆನಪಾಯಿತು.

ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಎಂ.ಬಿ. ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಅದು ಅಳತೆ ಪುಸ್ತಕ. ಗುತ್ತಿಗೆದಾರ ಏನೇ ಕೆಲಸ ಮಾಡಿರಲಿ, ಜೂನಿಯರ್ ಇಂಜಿನಿಯರ್ ಅದನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕು, ಮೇಲಿನವರು ಹೋಗಿ ಪರೀಕ್ಷಿಸಿ ರುಜು ಹಾಕಬೇಕು, ಆಮೇಲೆ ಬಿಲ್ಲು. ಇದರಲ್ಲಿ ಒಂದು ಮುಖ್ಯ ನಿಯಮವಿದೆ. ತಳಪಾಯದ ಅಗೆತ, ಅದರಲ್ಲಿ ಹಾಕಿದ ಕಾಂಕ್ರೀಟು, ಕಟ್ಟಿದ ಕಬ್ಬಿಣ ಇವೆಲ್ಲ ಮುಚ್ಚಿಹೋಗುವ ಕೆಲಸಗಳು. ಇವನ್ನು ಮುಚ್ಚುವ ಮೊದಲೇ ಅಳೆಯಬೇಕು. ಮುಚ್ಚಿದ ಮೇಲೆ ಗುತ್ತಿಗೆದಾರ ದೇವರ ಮೇಲೆ ಆಣೆ ಮಾಡಿದರೂ ಕಂಬಿ ಎಷ್ಟಿತ್ತು ಅಂತ ಕಾಣುವುದಿಲ್ಲ. ಮೇಲಿನ ಕಟ್ಟಡ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಬಣ್ಣ ಹಚ್ಚುತ್ತಾರೆ, ಉದ್ಘಾಟನೆಯ ಕಲ್ಲು ಹಾಕುತ್ತಾರೆ.

ಮನೆಗೆಲಸ ಪೂರ್ತಿ ಮುಚ್ಚಿಹೋಗುವ ಕೆಲಸ. ರೊಟ್ಟಿ ಬಡಿದರೆ ಅರ್ಧ ತಾಸಿನಲ್ಲಿ ಅದು ಹೊಟ್ಟೆಯೊಳಗೆ ಹೋಗಿರುತ್ತದೆ. ಒಗೆದ ಬಟ್ಟೆ ನಾಳೆ ಮತ್ತೆ ಹೊಲಸು. ತಿಕ್ಕಿದ ಪಾತ್ರೆ ಸಂಜೆಗೆ ಮತ್ತೆ ಬಚ್ಚಲಿಗೆ ಬರುತ್ತದೆ. ಮಾಡಿದ್ದಕ್ಕೆ ಗುರುತೇ ಉಳಿಯುವುದಿಲ್ಲ, ಮಾಡದಿದ್ದರೆ ಮಾತ್ರ ಕಾಣುತ್ತದೆ. ಮೇಲಾಗಿ ನಮ್ಮ ಊರಿನ ಮನೆಗಳಲ್ಲಿ ಅಡುಗೆಮನೆ ಹಿಂದೆ ಇರುತ್ತದೆ. ಪಡಸಾಲೆಯಲ್ಲಿ ಕುಳಿತವರಿಗೆ ಚಹಾ ಬರುವುದು ಕಾಣುತ್ತದೆ, ಚಹಾ ಆಗುವುದು ಕಾಣುವುದಿಲ್ಲ. ಮಗಳ ಮನೆ ಇದ್ದದ್ದು 55 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 600 ಚದರಡಿಗೂ ಕಡಿಮೆ. ಅಡುಗೆ ಮಾಡುವ ಕಟ್ಟೆ ಪಡಸಾಲೆಯಲ್ಲೇ. ಹೊರಗೆ ಗಾಳಿ, ಮಳೆ, ಚಳಿ. ನಾಲ್ಕು ಜನ ಮತ್ತು ಒಂದು ಕೂಸು ಒಂದೇ ಕಡೆ. ಯಾರು ಎದ್ದರು, ಯಾರು ಕುಳಿತರು, ಯಾರು ಬಗ್ಗಿದರು ಎಲ್ಲ ಎಲ್ಲರಿಗೂ ಕಾಣುತ್ತದೆ. ಕೆಲಸದವರಿಲ್ಲ, ಓಣಿಯ ದೊಡ್ಡವ್ವ ಚಿಕ್ಕವ್ವ ಇಲ್ಲ. ಪರದೇಶದಲ್ಲಿ ಹೆಣ್ಣುಮಕ್ಕಳಿಗೆ ಬೆಲೆ ಹೆಚ್ಚು ಎಂದು ಭಾಷಣ ಮಾಡುತ್ತಾರಲ್ಲ, ಅದರ ಅರ್ಧ ಕಾರಣ ಗೋಡೆ ಇಲ್ಲದಿರುವುದು ಎಂದು ನನ್ನ ಅಭಿಪ್ರಾಯ.

ದಾದಿಯ ದಿನಗಳು ಮುಗಿದ ಮೇಲೆ ಮಗಳು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ದಿನದಲ್ಲಿ ಆಗುವ ಕೆಲಸ, ಮಾಡಿದವರ ಹೆಸರು. ಯಾರ ಮೇಲೂ ಭಾರ ಹೆಚ್ಚಾಗಬಾರದು ಎಂಬುದು ಅವಳ ಉದ್ದೇಶ. ಒಂದು ವಾರದ ನಂತರ ನಾನು ಒಂದು ದಿನದ ಹಾಳೆ ಎಣಿಸಿದೆ, ಒಟ್ಟು 43 ಸಾಲು. ಅದರಲ್ಲಿ 26ರ ಮುಂದೆ ‘ಅವ್ವ’. ಕಸ ಬೇರೆಬೇರೆ ಡಬ್ಬಿಗೆ ಹಾಕುವುದು, ಅಂಗಡಿ, ಗುರುವಾರದ ಸಂತೆ, ಪಾತ್ರೆ ಒರೆಸುವುದು ನನ್ನ ಹೆಸರಿನಲ್ಲಿ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ಓದಿದರು. ನಾರಾಯಣಪುರ, ಭೀಮರಾಯನಗುಡಿ, ಆಲಮಟ್ಟಿ ಎಂದು ಕ್ಯಾಂಪಿನಿಂದ ಕ್ಯಾಂಪಿಗೆ ಏಳು ಸಲ ಮನೆ ಎತ್ತಿ ಮನೆ ಹೂಡಿದವರು ಅವರು. ಏನೂ ಅನ್ನಲಿಲ್ಲ. ಮರುದಿನ ನಾನು ನೋಡಿದರೆ ಹಾಳೆಯಲ್ಲಿ ಅವರೇ ಪೆನ್ಸಿಲಿನಿಂದ ಎರಡು ಸಾಲು ಸೇರಿಸಿದ್ದರು. ರಾತ್ರಿ ಎರಡಕ್ಕೆ ಎದ್ದು ಕೂಸು ಎತ್ತಿಕೊಂಡದ್ದು, ಅಂಟಿನ ಉಂಡಿ ಕಟ್ಟಿದ್ದು. ಮಗಳಿಗೆ ಬಿಟ್ಟುಹೋಗಿತ್ತು. ಅಳತೆಯಲ್ಲಿ ಬಿಟ್ಟ ಐಟಂ ಸೇರಿಸುವ ಹಕ್ಕು ಎಲ್ಲರಿಗೂ ಇದೆ.

ಈ ನಡುವೆ ಇನ್ನೊಂದು ನಡೆಯಿತು. ಅಲ್ಲಿನ ರೂಢಿಯಂತೆ ಮಗಳು ಮಾತು ಮಾತಿಗೆ ‘ಥ್ಯಾಂಕ್ಸ್ ಅವ್ವಾ’ ಅನ್ನತೊಡಗಿದಳು. ಆ ದೇಶದಲ್ಲಿ ಗಂಡ ಹೆಂಡತಿಗೆ, ಮಕ್ಕಳು ತಾಯಿಗೆ ಉಪ್ಪಿನ ಡಬ್ಬಿ ಕೊಟ್ಟರೂ ‘ದಂಕ್ ಯೆ ವೆಲ್’ ಅನ್ನುತ್ತಾರೆ. ಒಂದು ದಿನ ನಮ್ಮ ಮನೆಯವರು ಸಿಟ್ಟಿಗೆದ್ದರು. ‘ಯಾಕ, ನಾ ಏನ್ ಹೊರಗಿನಾಕಿ ಏನ ಥ್ಯಾಂಕ್ಸ್ ಹೇಳಾಕ? ಮತ್ತೊಮ್ಮೆ ಅಂದ್ರ ನಾಳಿಂದ ಎದ್ದು ನೋಡೂದಿಲ್ಲ.’ ಮಗಳು ಅತ್ತುಬಿಟ್ಟಳು. ಎಳೆ ಬಾಣಂತಿ, ನಿದ್ದೆಯಿಲ್ಲ. ‘ಹಂಗಾರ ನಿನ್ನ ಋಣ ನಾ ಹೆಂಗ ತೀರಸಲಿ?’ ಅಂದಳು. ಅದಕ್ಕೆ ಅವರು, ‘ಋಣ ಅಂತ ಯಾರ್ ಹೇಳ್ಯಾರ? ಉಂಡಿ ತಿನ್ನು, ಮಲಕೋ’ ಅಂದರು.

ಅದೇ ವಾರ ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಲು ಬಂದರು. ಮಗು ಹುಟ್ಟಿದ ಮನೆಯಲ್ಲಿ ಅಲ್ಲಿ ಒಂದು ತಿಂಡಿ ಕೊಡುತ್ತಾರೆ. ಗುಂಡಗಿನ ರಸ್ಕಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿರುತ್ತಾರೆ. ಹೆಣ್ಣಾದರೆ ಗುಲಾಬಿ ಬಣ್ಣದ್ದು, ಗಂಡಾದರೆ ನೀಲಿ. ಸೋಂಪಿನಿಂದ ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಅವರ ಹಿರಿಯರ ನಂಬಿಕೆಯಂತೆ. ಇದು ಕೇಳಿ ನಮ್ಮ ಮನೆಯವರಿಗೆ ಆ ದೇಶದ ಮೇಲೆ ಮೊದಲ ಸಲ ವಿಶ್ವಾಸ ಬಂತು. ಆ ಅಜ್ಜಿ ಮಗಳಿಗೆ ಅಭಿನಂದನೆ ಹೇಳಿದರು, ಅಳಿಯಂದಿರಿಗೆ ಹೇಳಿದರು, ಆಮೇಲೆ ನಮ್ಮ ಮನೆಯವರ ಎರಡೂ ಕೈ ಹಿಡಿದು, ‘ನಿಮ್ಮ ಮೊಮ್ಮಗಳಿಗಾಗಿ ನಿಮಗೆ ಅಭಿನಂದನೆ’ ಅಂದರು, ನನಗೂ ಅಂದರು. ಹುಟ್ಟುಹಬ್ಬದಲ್ಲೂ ಹಾಗೆಯೇ. ಹಬ್ಬ ಯಾರದೋ ಅವರಿಗಷ್ಟೇ ಅಲ್ಲ, ತಂದೆ ತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರಿಗೆಲ್ಲ ಕೈಕುಲುಕಿ ಶುಭಾಶಯ ಹೇಳುತ್ತಾರೆ. ಮಗಳ ಥ್ಯಾಂಕ್ಸಿಗೆ ಸಿಟ್ಟಾದ ನಮ್ಮ ಮನೆಯವರ ಕಣ್ಣಲ್ಲಿ ಈ ಅಜ್ಜಿಯ ಮಾತಿಗೆ ನೀರು ಬಂತು.

ಎರಡಕ್ಕೂ ಏನು ವ್ಯತ್ಯಾಸ ಎಂದು ನಾನು ಬಹಳ ದಿನ ಯೋಚಿಸಿದೆ. ಥ್ಯಾಂಕ್ಸ್ ಅಂದಾಗ ಕೊಟ್ಟವರು ಒಂದು ಕಡೆ, ಪಡೆದವರು ಇನ್ನೊಂದು ಕಡೆ ಆಗುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ. ಆ ಅಜ್ಜಿ ಹೇಳಿದ್ದು ಬೇರೆ. ಈ ಮಗು ಭೂಮಿಗೆ ಬಂದದ್ದರಲ್ಲಿ ನಿಮ್ಮ ಪಾಲೂ ಇದೆ, ಅದು ನನಗೆ ಕಾಣುತ್ತಿದೆ ಎಂದರು. ನಮ್ಮ ತಾಯಂದಿರಿಗೆ ಬೇಕಾದದ್ದು ಇದು ಎಂದು ನನಗೆ ಅನಿಸುತ್ತದೆ.

ನಾನು ನೀರಿನವನು, ಆ ದೇಶಕ್ಕೆ ಹೋಗಿ ನೀರಿನ ಮಾತು ಆಡದೆ ಬಂದರೆ ನನ್ನ ಸಹೋದ್ಯೋಗಿಗಳು ಬಿಡುವುದಿಲ್ಲ. ನೆದರ್‌ಲ್ಯಾಂಡ್ಸಿನ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಡ್ಡು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಎತ್ತಿ ಮೇಲಿನ ಕಾಲುವೆಗೆ, ಅಲ್ಲಿಂದ ಸಮುದ್ರಕ್ಕೆ ಹಾಕುತ್ತಲೇ ಇರಬೇಕು. 1953ರ ಫೆಬ್ರವರಿ 1ರ ಬೆಳಗಿನ ಜಾವ ಬಿರುಗಾಳಿಗೆ ಒಡ್ಡುಗಳು ಒಡೆದು 1836 ಜನ ಸತ್ತರು. ನಾವು ಹೋದ ಹೊಸತರಲ್ಲೇ ಅದಕ್ಕೆ 70 ವರ್ಷ ತುಂಬಿತ್ತು. ಆಮೇಲೆ ಅವರು ಕಟ್ಟಿದ ಡೆಲ್ಟಾ ಯೋಜನೆಯ ಗೇಟುಗಳು ಜಗತ್ಪ್ರಸಿದ್ಧ, ನೋಡಲು ಜನ ಹೋಗುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಅಲ್ಲಿನ ನೀರು ಮಂಡಳಿಗಳು. ಡೆಲ್ಫ್ಟ್ ಸುತ್ತಲಿನ ಮಂಡಳಿ 1289ರಿಂದ ಇದೆ. ಕಾಲುವೆ ಹೂಳು, ಪಂಪು, ಒಡ್ಡಿನ ಹುಲ್ಲು ನೋಡಿಕೊಳ್ಳುವುದೇ ಅವರ ಕಾಯಕ. ಮನೆಮನೆಯವರು ಅದಕ್ಕೆ ತೆರಿಗೆ ಕೊಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. 2023ರ ಮಾರ್ಚ್ 15ರಂದು ನಡೆಯಿತು. ಆ ದೇಶದ ಪೌರತ್ವ ಇಲ್ಲದಿದ್ದರೂ ಕಾಯ್ದೆಬದ್ಧವಾಗಿ ವಾಸವಿರುವವರಿಗೆ ಅದರಲ್ಲಿ ಮತ ಇದೆ. ಒಂದು ತಿಂಗಳ ಬಾಣಂತಿ ನಮ್ಮ ಮಗಳು ಟೋಪಿ ಶಾಲು ಸುತ್ತಿಕೊಂಡು ಹೋಗಿ ಹೂಳು ತೆಗೆಯುವವರನ್ನು ಆರಿಸಿ ಬಂದಳು.

ನಮ್ಮಲ್ಲಿ ಅಣೆಕಟ್ಟಿಗೆ ಹೆಸರಿದೆ. ನಾರಾಯಣಪುರದ ಜಲಾಶಯಕ್ಕೆ ಬಸವಸಾಗರ ಎಂದು ಹೆಸರಿಟ್ಟಿದ್ದೇವೆ, ನಮಗೆ ಹೆಮ್ಮೆ. ಆದರೆ ಅದರ ಕಾಲುವೆಯ ಹೂಳು ತೆಗೆದವನ, ರಾತ್ರಿ ಲಾಂದ್ರ ಹಿಡಿದು ತೂಬು ಕಾಯ್ದ ನೀರಗಂಟಿಯ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಕಟ್ಟುವ ಕೆಲಸಕ್ಕೆ ಮರ್ಯಾದೆ, ಉಳಿಸಿಕೊಂಡು ಹೋಗುವ ಕೆಲಸಕ್ಕೆ ಇಲ್ಲ. ಸಂಸಾರದಲ್ಲೂ ಇದೇ ನಡೆದಿದೆ. ಮನೆ ಕಟ್ಟಿಸಿದವನ ಹೆಸರು ಬಾಗಿಲ ಮೇಲೆ ಇರುತ್ತದೆ.

ಹೀಗೆ ಹೇಳಿದರೆ ನಾನು ಆ ದೇಶದವರನ್ನು ಹೊಗಳುತ್ತಿದ್ದೇನೆ ಅನಿಸಬಹುದು. ‘ಬಸವಣ್ಣನವರ ಕಾಯಕ ತತ್ವವನ್ನು ನಾವು ಬಿಟ್ಟೆವು, ಪಾಶ್ಚಾತ್ಯರು ಹಿಡಿದರು’ ಎಂದು ಹೇಳುವ ರೂಢಿ ನಮ್ಮ ವೇದಿಕೆಗಳಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಪಕ್ಕದ ಮನೆಯ ಅಜ್ಜಿಗೆ ಮೂವರು ಮಕ್ಕಳು. ಯಾರು ಯಾವ ದಿನ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕ್ಯಾಲೆಂಡರಿನಲ್ಲಿ ಬರೆದಿರುತ್ತದೆ, ಆ ದಿನ ಬಿಟ್ಟರೆ ಉಳಿದ ದಿನ ಆಕೆ ಒಬ್ಬರೇ. ನಮ್ಮ ಮನೆಯವರು ಉಂಡಿ ತೆಗೆದುಕೊಂಡು ಹೇಳದೆ ಕೇಳದೆ ಹೋದಾಗ ಮೊದಲು ಗಾಬರಿಯಾದರು, ಆಮೇಲೆ ದಿನಾ ದಾರಿ ನೋಡತೊಡಗಿದರು. ಒಬ್ಬರಿಗೆ ಇನ್ನೊಬ್ಬರ ಭಾಷೆ ಬಾರದು. ದಿನಾ ಅರ್ಧ ತಾಸು ಕುಳಿತು ಏನು ಮಾತಾಡಿದರೋ ಅವರಿಗೇ ಗೊತ್ತು.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ಮಗಳ ಹೆರಿಗೆ ರಜೆ 16 ವಾರ, ಅದರಲ್ಲಿ ಕೆಲವು ವಾರ ಹೆರಿಗೆಗೆ ಮೊದಲೇ ಹೋಗಿತ್ತು. ಮೇ ತಿಂಗಳ ಮೊದಲಲ್ಲಿ ಅವಳು ಮರಳಿ ಹಾಜರಾಗಬೇಕು. ನಮ್ಮ 90 ದಿನ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಮೂರು ತಿಂಗಳೂ ತುಂಬದ ಕೂಸನ್ನು ಯಾರಿಗೆ ಬಿಡುವುದು? ಎರಡೂ ಕಡೆಯ ಬಂಧುಗಳಿಂದ ಫೋನ್ ಮೇಲೆ ಫೋನ್. ಕಲಿತದ್ದು ಸಾಕು, ಕೂಸಿಗಿಂತ ಪಿಎಚ್‌.ಡಿ. ಹೆಚ್ಚೇ, ತಾಯಿ ತಂದೆ ಇಷ್ಟೆಲ್ಲ ಮಾಡಿದ್ದಾರೆ, ಗಂಡ ಇಷ್ಟು ದೂರ ಕರೆದುಕೊಂಡು ಬಂದಿದ್ದಾನೆ, ಅದರ ನೆನಪಾದರೂ ಇರಬೇಡವೇ ಎಂದು ಹಿರಿಯರೊಬ್ಬರು ಅಂದರು. ವಾಸ್ತವದಲ್ಲಿ ಮೊದಲು ಹೋದವಳು ನಮ್ಮ ಮಗಳು, ಅಳಿಯಂದಿರು ಆಮೇಲೆ ನೌಕರಿ ಹುಡುಕಿಕೊಂಡು ಹೋದರು. ಆದರೆ ಫೋನಿನಲ್ಲಿ ಅದನ್ನೆಲ್ಲ ಯಾರು ಹೇಳುತ್ತಾ ಕೂಡುತ್ತಾರೆ?

‘ಇಷ್ಟೆಲ್ಲ ಮಾಡಿದ್ದಾರೆ’ ಎಂಬ ಈ ಮಾತು ನಮ್ಮ ಸಂಸಾರಗಳಲ್ಲಿ ಬಾರುಕೋಲಾಗಿದೆ, ಬಂಧುಗಳೆ. ಹೆಣ್ಣುಮಕ್ಕಳ ಓದು ನಿಲ್ಲಿಸಲಿಕ್ಕೆ, ಸೊಸೆಯ ಬಾಯಿ ಮುಚ್ಚಿಸಲಿಕ್ಕೆ, ಮಗ ಮೆಚ್ಚಿದ ಮದುವೆ ತಪ್ಪಿಸಲಿಕ್ಕೆ ಇದನ್ನು ಬೀಸುತ್ತೇವೆ. ಕೃತಜ್ಞತೆ ಎಂದು ಹೆಸರಿಟ್ಟು ಬಡ್ಡಿ ವಸೂಲಿ ಮಾಡುತ್ತೇವೆ. ಶರಣರು ದಾನ ಎಂಬ ಮಾತನ್ನು ಬಿಟ್ಟು ದಾಸೋಹ ಎಂದದ್ದು ಯಾಕೆ? ದಾನದಲ್ಲಿ ಕೊಟ್ಟವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಮಠದ ಪಂಕ್ತಿಯಲ್ಲಿ ಉಂಡವರಿಗೆ ಈ ವ್ಯತ್ಯಾಸ ತಿಳಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ತಂದೆ ತಾಯಿ ಮಾಡುವುದು ದಾಸೋಹವೋ ದಾನವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ಗೊತ್ತು. ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ನಾವು ಲಕ್ಕಮ್ಮನವರನ್ನು ಸ್ಮರಿಸುತ್ತೇವೆ, ಸ್ಮರಿಸಬೇಕಾದದ್ದೇ. ನನಗೆ ಮಾರಯ್ಯನವರ ಮೇಲೂ ಅಷ್ಟೇ ಗೌರವ. ‘ಬಿಸಿಲಲ್ಲಿ ಬಗ್ಗಿ ಬಗ್ಗಿ ನಿನಗಾಗಿಯೇ ತಂದೆನಲ್ಲ’ ಎಂದು ಅವರು ಹಂಗಿನ ಮಾತು ಆಡಲಿಲ್ಲ. ಹೆಂಡತಿಯ ಮಾತು ಕೇಳಿ ಅಕ್ಕಿ ಹೊತ್ತು ಮರಳಿ ಹೋದರು.

ಮಗಳ ವಿಷಯ ಹೇಗೆ ಬಗೆಹರಿಯಿತು ಎಂದು ಕೇಳುತ್ತೀರಿ. ಬಗೆಹರಿಸಿದವರು ಅಳಿಯಂದಿರು. ಮಗು ಹುಟ್ಟಿದಾಗ ಆ ದೇಶದಲ್ಲಿ ತಂದೆಗೆ ಒಂದು ವಾರ ಪೂರ್ತಿ ಸಂಬಳದ ರಜೆ ಇದೆ. 2020ರಿಂದ ಇನ್ನೂ ಐದು ವಾರ ಶೇಕಡಾ 70ರ ಸಂಬಳದಲ್ಲಿ ಸಿಗುತ್ತದೆ, ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಈ ಐದು ವಾರವನ್ನು ಅವರು ನಾವಿದ್ದಾಗ ಮುಟ್ಟದೆ ಮೇ ತಿಂಗಳಿಗೆ ಉಳಿಸಿಟ್ಟಿದ್ದರು. ನನಗೆ ಅದು ಮಾರ್ಚಿನಲ್ಲಿ ಗೊತ್ತಾಯಿತು. ಅದರ ನಂತರ ವಾರಕ್ಕೆ ನಾಲ್ಕೇ ದಿನ ನೌಕರಿ, ಬುಧವಾರ ಮನೆಯಲ್ಲಿ. ಇದಕ್ಕೆ ಅಲ್ಲಿ ‘ಅಪ್ಪನ ದಿನ’ ಎಂಬರ್ಥದ ಮಾತೇ ಇದೆ. ಸಂಬಳವೂ ಅಷ್ಟು ಕಡಿಮೆ. ಮಗಳು ಒಂದು ದಿನ ಮನೆಯಿಂದ, ಉಳಿದ ಮೂರು ದಿನ ಶಿಶುವಿಹಾರ. ನಮ್ಮ ಮನೆಯವರಿಗೆ ಶಿಶುವಿಹಾರ ಎಂದರೆ ಹೊಟ್ಟೆಯಲ್ಲಿ ಸಂಕಟ. ಹೊರಡುವ ಮೊದಲು ತಾವೇ ಹೋಗಿ ನೋಡಿಕೊಂಡು ಬಂದರು. ಅಲ್ಲಿನ ಹುಡುಗಿಯರು ಮಗು ಎತ್ತಿಕೊಳ್ಳುವ ರೀತಿ, ತೊಟ್ಟಿಲು, ಕಿಟಕಿ ಎಲ್ಲ ಪರೀಕ್ಷೆ ಆಯಿತು. ಮನೆಗೆ ಬಂದು ಅಳಿಯಂದಿರಿಗೆ, ‘ಬುಧವಾರ ಮಾತ್ರ ತಪ್ಪಸಬ್ಯಾಡ್ರಿ’ ಅಂದರು. ‘ಇಲ್ರಿ ಅತ್ತೀ’ ಅಂದರು ಅವರು. ಈವರೆಗೆ ತಪ್ಪಿಸಿಲ್ಲ. ಬುಧವಾರ ನಮಗೆ ವಿಡಿಯೋ ಕರೆ ಬರುವುದು ಅವರಿಂದಲೇ, ಹೆಗಲ ಮೇಲೆ ಕೂಸು, ಹಿಂದೆ ಒಲೆಯ ಮೇಲೆ ಅನ್ನ.

ಮಗಳ ಸಂಶೋಧನೆ ಮುಂದುವರಿದಿದೆ. ಅವಳು ಈಗ ತಾಯಿಗೆ ಥ್ಯಾಂಕ್ಸ್ ಅನ್ನುವುದಿಲ್ಲ. ಫೋನ್ ಮಾಡಿದಾಗ ‘ಇವತ್ತ ಏನೇನ್ ಮಾಡಿದಿ?’ ಎಂದು ಕೇಳುತ್ತಾಳೆ. ನಮ್ಮ ಮನೆಯವರು ಬೆಳಗಿನಿಂದ ಮಾಡಿದ್ದನ್ನೆಲ್ಲ ಹೇಳುತ್ತಾರೆ, ಮಗಳು ಕೇಳುತ್ತಾಳೆ. ಇಪ್ಪತ್ತು ನಿಮಿಷ ಬರೇ ಅದೇ.

ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಸಣ್ಣ ಸಿವಿಲ್ ಕಾಮಗಾರಿ ನಡೆಯಿತು. ನಮ್ಮಲ್ಲಿ ಭಾಂಡೆ ತಿಕ್ಕಲು ಬರುವ ತಾಯಿಗೆ ನನಗಿಂತ ಎರಡೋ ಮೂರೋ ವರ್ಷ ಕಡಿಮೆ ವಯಸ್ಸು. ಹಿತ್ತಲ ಬಚ್ಚಲಲ್ಲಿ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ತಿಕ್ಕುವುದು, ಏಳುವಾಗ ಗೋಡೆ ಹಿಡಿಯುವುದು. ನಮ್ಮ ಮನೆಯವರೇ, ‘ಏನ್ರೀ, ಆ ಮಂಚದ ಲೆಕ್ಕ ಇಲ್ಲಿಗೂ ಹಚ್ರಲಾ’ ಅಂದರು. ನಿಂತು ತಿಕ್ಕುವ ಹಾಗೆ ಕಟ್ಟೆ ಕಟ್ಟಿಸಲು ಹೊರಟೆ. ಗೌಂಡಿ, ‘ಸಾಹೇಬ್ರ, ಎಷ್ಟು ಎತ್ತರ?’ ಅಂದ. 80 ಸೆಂಟಿಮೀಟರ್ ಎಂದು ಹೇಳಿ, ಆಮೇಲೆ ಆ ತಾಯಿಯನ್ನೇ ನಿಲ್ಲಿಸಿ ಮೊಣಕೈ ಎತ್ತರ ನೋಡಿದೆವು. ಆಕೆ ಗಿಡ್ಡ, 75 ಸಾಕಾಯಿತು. ಆಕೆಗೋ ನಗು. ತನ್ನನ್ನು ಅಳೆದು ಕಟ್ಟೆ ಕಟ್ಟಿದ್ದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಕಟ್ಟೆ ಆಯಿತು, ಮೇಲೆ ಕಡಪಾ ಕಲ್ಲು, ನಲ್ಲಿ. ಮೊದಲನೆಯ ದಿನವೇ ತಕರಾರು ಬಂತು. ‘ನೀರ ಎಲ್ಲಾ ನನ್ನ ಹೊಟ್ಟಿ ಮ್ಯಾಲೇ ಬರ್ತಾವ್ರಿ ಸಾಹೇಬ್ರ.’ ಇಳಿಜಾರು ಮುಂದಕ್ಕೆ ಬಂದಿತ್ತು. ಗೌಂಡಿಯನ್ನು ಮತ್ತೆ ಕರೆಸಿ, ಕಲ್ಲು ಎತ್ತಿಸಿ, ಹಿಂದಕ್ಕೆ ಒಂದು ಇಂಚು ಇಳಿಜಾರು ಕೊಡಿಸಿ, ಈ ಸಲ ಕಲ್ಲು ಕೂರಿಸುವ ಮೊದಲೇ ಲೆವೆಲ್ ಹಿಡಿದು ನೋಡಿಕೊಂಡೆ.